ಹಳದಿ ಗುಂಡು, ಕರಿ ಗುಂಡು

ಕಾಟನ್‌ಪೇಟೆಯಲ್ಲಿ ನಮ್ಮಕ್ಕನ ಮನೆ ಇರುವುದು ಬನಿಯನ್, ಟವೆಲು ಮಾರುವ ಹೋಲ್‌ಸೇಲ್ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿ. ರಾತ್ರಿ ಒಂಬತ್ತೂವರೆಗೆ ಕೆಳಗಿನ ಶಟರುಗಳು ಒಂದೊಂದಾಗಿ ಬಿದ್ದು ಬೀದಿ ಸುಮ್ಮನಾದ ಮೇಲೆ ಮೇಲುಗಡೆ ವಿಮಾನದ ಸದ್ದು ಶುರುವಾಗುತ್ತದೆ. ಅಕ್ಕನ ಮಗ ಎಂಜಿನಿಯರಿಂಗ್ ಮೂರನೇ ವರ್ಷ. ಹಗಲು ಕಾಲೇಜು, ರಾತ್ರಿ ಲುಫ್ಟ್‌ವಾಫ, ಹಿಟ್ಲರನ ಕಾಲದ ಜರ್ಮನ್ ವಾಯುಪಡೆ. ಕಂಪ್ಯೂಟರ್ ಮುಂದೆ ಜಾಯ್‌ಸ್ಟಿಕ್ ಹಿಡಿದು ಕೂತನೆಂದರೆ ಅವನಿರುವುದು 1944ರ ಜರ್ಮನಿಯ ಆಕಾಶದಲ್ಲಿ. ಊಟಕ್ಕೆ ಕರೆದರೆ "ಲ್ಯಾಂಡ್ ಆಗಿ ಬರ್ತೀನಮ್ಮ" ಅನ್ನುತ್ತಾನೆ.

ಕಳೆದ ತಿಂಗಳು ಹೋದಾಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ಮಾಮ, ನೀವೇ ಹೇಳಿ. ಒಂದು ಲಿಬರೇಟರ್ ಬಾಂಬರ್ ಹಿಂದೆ ಬಿದ್ದು ಗುಂಡು ಪೂರ್ತಿ ಖಾಲಿ ಮಾಡ್ದೆ. ತಾಗ್ತಿದ್ದದ್ದು ಕಣ್ಣಿಗೇ ಕಾಣ್ತಿತ್ತು. ಅದು ಸ್ವಲ್ಪ ಹೊಗೆ ಬಿಟ್ಕೊಂಡು ತನ್ನ ಪಾಡಿಗೆ ಹೋಯ್ತು. ನನ್ನ ಫ್ರೆಂಡು ಅದೇ ವಿಮಾನ, ಅದೇ ಗನ್ನು, ಒಂದೇ ಸಲ ಟ್ರಿಗರ್ ಒತ್ತಿದ, ರೆಕ್ಕೆ ಕಿತ್ಕೊಂಡು ಬಿತ್ತು. ಗೇಮಲ್ಲೇ ಏನೋ ಮೋಸ ಇದೆ."

ಮೋಸ ಏನೂ ಇರಲಿಲ್ಲ. ವಿಮಾನ ಒಂದೇ, ಗನ್ನು ಒಂದೇ. ಒಳಗೆ ತುಂಬಿದ ಸರ ಬೇರೆ.

ಸರ ಅಂದದ್ದು ಬೇಕೆಂದೇ. ವಾರ್ ಥಂಡರ್‌ನಂಥ ಆಟದಲ್ಲಿ ವಿಮಾನ ಏರುವ ಮೊದಲು 'ಬೆಲ್ಟ್' ಆರಿಸಿಕೊಳ್ಳಿ ಎಂದು ಒಂದು ಪಟ್ಟಿ ಬರುತ್ತದೆ: ಯೂನಿವರ್ಸಲ್, ಏರ್ ಟಾರ್ಗೆಟ್ಸ್, ಟ್ರೇಸರ್, ಸ್ಟೆಲ್ತ್ ಹೀಗೆ. ಹುಡುಗರು ಅದನ್ನು ಬಿಲ್ಲಿನ ಹಿಂಬದಿಯ ಷರತ್ತುಗಳ ಹಾಗೆ ಓದದೆ ದಾಟಿಸುತ್ತಾರೆ. ಈ ಮಹರಾಯ ಟ್ರೇಸರ್ ಆರಿಸಿದ್ದ. ಯಾಕೋ ಅಂದರೆ, "ಬೆಳಕು ಬೆಳಕಾಗಿ ಹೋಗತ್ತೆ, ಚೆನ್ನಾಗ್ ಕಾಣತ್ತೆ" ಅಂದ. ದೀಪಾವಳಿಗೆ ಸರಿ.

ಬೆಲ್ಟ್ ಅಂದರೆ ಏನೆಂದು ತಿಳಿಯಲು ಅವನ ಮನೆಯಿಂದ ಹದಿನೈದು ನಿಮಿಷ ನಡೆದು ಕೆ.ಆರ್. ಮಾರುಕಟ್ಟೆಗೆ ಹೋದರೆ ಸಾಕು. ಕದಂಬದ ಮಾಲೆ ಕಟ್ಟುವವರು ಒಂದೇ ಹೂವನ್ನು ಉದ್ದಕ್ಕೂ ಪೋಣಿಸುವುದಿಲ್ಲ. ಎರಡು ಮಲ್ಲಿಗೆ, ಒಂದು ಕನಕಾಂಬರ, ನಡುವೆ ಒಂದೆಸಳು ಮರುಗ, ಮತ್ತೆ ಎರಡು ಮಲ್ಲಿಗೆ. ಯುದ್ಧವಿಮಾನದ ಗುಂಡಿನ ಪಟ್ಟಿಯೂ ಹಾಗೆಯೇ. ಬಗೆಬಗೆಯ ಗುಂಡುಗಳನ್ನು ಗೊತ್ತಾದ ವರಸೆಯಲ್ಲಿ ಲೋಹದ ಕೊಂಡಿಗಳಿಂದ ಪೋಣಿಸಿದ ಮಾಲೆ ಅದು. ಜರ್ಮನರು ಅದಕ್ಕೆ ಗುರ್ಟ್ ಎನ್ನುತ್ತಿದ್ದರು. ಯಾವ ಗುಂಡು ಎಷ್ಟಕ್ಕೊಂದು ಬರಬೇಕು ಎಂಬುದು ಎದುರಿಗೆ ಯಾವ ವಿಮಾನ ಬರುತ್ತದೆ ಎನ್ನುವುದರ ಮೇಲೆ. ಮಲೆನಾಡಿನ ತೋಟೆ ಕೋವಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ: ಹಕ್ಕಿಗೆ ಚರೆ, ಹಂದಿಗೆ ಗುಂಡು. ಚರೆ ತುಂಬಿಕೊಂಡು ಹಂದಿಯ ಎದುರು ನಿಂತವನ ಕಥೆಯನ್ನು ಅವನ ಹೆಂಡತಿ ಹೇಳಬೇಕಾಗುತ್ತಿತ್ತು.

ಇನ್ನು ಹೆಸರುಗಳ ಕಾಟ. ಎಂ.ಜಿ. ಅಂದರೆ ಬೆಂಗಳೂರಿಗರಿಗೆ ರಸ್ತೆ, ಜರ್ಮನರಿಗೆ ಮೆಷಿನ್‌ಗನ್. ಎಂ.ಕೆ. ಅಂದರೆ ಮೆಷಿನ್ ಫಿರಂಗಿ. ಗುಂಡಿನ ದಪ್ಪ 20 ಮಿಲಿಮೀಟರ್ ಇರುವವರೆಗೆ ಎಂ.ಜಿ., ಅದಕ್ಕಿಂತ ದಪ್ಪವಾದರೆ ಎಂ.ಕೆ. ಎಂಬುದು ಅವರ ವಾಯುಪಡೆಯ ಲೆಕ್ಕ. ಹಿಂದಿನ ಅಂಕಿಯಲ್ಲೂ ಒಂದು ಗುಟ್ಟಿದೆ. ಎಂ.ಜಿ. 131 ಎಂದರೆ 13 ಮಿಲಿಮೀಟರಿನ ಮೊದಲನೆಯ ಮಾದರಿ; ಎಂ.ಜಿ. 151 ಎಂದರೆ 15 ಮಿಲಿಮೀಟರಿನ ಮೊದಲನೆಯದು. ಆಮೇಲೆ ಅದೇ 151ಕ್ಕೆ 20 ಮಿಲಿಮೀಟರಿನ ನಳಿಗೆ ಹಾಕಿದರು, ಹೆಸರು ಎಂ.ಜಿ. 151/20 ಆಯಿತು. ಆಟದಲ್ಲಿ ಜರ್ಮನ್ ವಿಮಾನ ಹತ್ತಿದವರಿಗೆ ಹೆಚ್ಚು ಸಿಗುವುದು ಇದೇ.

ಗುಂಡಿನ ಹೆಸರು ಇನ್ನೂ ಉದ್ದ. ಬ್ರಾಂಟ್‌ಸ್ಪ್ರೆಂಗ್‌ಗ್ರಾನಾಟ್‌ಪಾತ್ರೋನೆ! ಹುಡುಗ ಇದನ್ನು ನೋಡಿ 'ಬ್ರಾಂಡ್' ಅಂತ ಓದಿ ಯಾವುದೋ ಕಂಪನಿ ಮಾಲು ಎಂದುಕೊಂಡಿದ್ದ. ಕಾಟನ್‌ಪೇಟೆಯಲ್ಲಿ ಬೆಳೆದವನಿಗೆ ಹಾಗನ್ನಿಸಿದ್ದು ತಪ್ಪಲ್ಲ. ಆದರೆ ಜರ್ಮನಿನಲ್ಲಿ ಬ್ರಾಂಟ್ ಅಂದರೆ ಬೆಂಕಿ. ಸ್ಪ್ರೆಂಗ್ ಅಂದರೆ ಸಿಡಿಯುವುದು, ಗ್ರಾನಾಟ ಅಂದರೆ ಸಿಡಿಗುಂಡು, ಪಾತ್ರೋನೆ ಅಂದರೆ ತೋಟೆ. ಶಾಲೆಯಲ್ಲಿ ಸಮಾಸ ಬಿಡಿಸಿದವರು ಇದಕ್ಕೆ ಹೆದರಬೇಕಿಲ್ಲ: ಬೆಂಕಿ ಹಚ್ಚುತ್ತ ಸಿಡಿಯುವ ಗುಂಡಿನ ತೋಟೆ. ಪಾಂತ್ಸರ್ ಅಂತ ಇದ್ದರೆ ಕವಚ ಒಡೆಯುವುದು. ಲಾಯ್ಖ್ಟ್‌ಸ್ಪೂರ್ ಅಂದರೆ ಬೆಳಕಿನ ಜಾಡು, ನಾವು ಟ್ರೇಸರ್ ಅನ್ನುವುದು. ಗ್ಲಿಮ್‌ಸ್ಪೂರ್ ಅಂದರೆ ಮಂಕು ಜಾಡು. ರಾತ್ರಿ ಹೊತ್ತು ತನ್ನ ಗುಂಡಿನ ಬೆಳಕಿಗೆ ಪೈಲಟ್‌ನ ಕಣ್ಣೇ ಕತ್ತಲಾಗದಿರಲಿ ಎಂದು. ತ್ಸೆರ್ಲೇಗರ್ ಅಂತ ಇದ್ದರೆ ಆ ಗುಂಡು ಯಾರಿಗೂ ತಾಗದೆ ಹೋದರೆ ಸ್ವಲ್ಪ ಹೊತ್ತಿಗೆ ಗಾಳಿಯಲ್ಲೇ ತಾನಾಗಿ ಸಿಡಿಯುತ್ತದೆ. ಕೆಳಗಿರುವುದು ಸ್ವಂತ ಊರಲ್ಲವೇ, ಅದಕ್ಕೆ.

ಇಷ್ಟೆಲ್ಲ ಹೆಸರುಗಳಿದ್ದರೂ ಗುಂಡು ಮಾಡುವ ಕೆಲಸ ಮೂರೋ ನಾಲ್ಕೋ. ಒಂದು, ತೂತು ಕೊರೆಯುವುದು. ಗಟ್ಟಿ ಉಕ್ಕಿನ ಗುಂಡು ಪೈಲಟ್‌ನ ಬೆನ್ನ ಹಿಂದಿನ ಕವಚವನ್ನೋ ಎಂಜಿನ್ನನ್ನೋ ಸೀಳಿಕೊಂಡು ಹೋಗುತ್ತದೆ. ದಾರಿಯಲ್ಲಿ ಮುಖ್ಯವಾದದ್ದು ಯಾವುದೂ ಸಿಗದಿದ್ದರೆ ಆಚೆಯಿಂದ ಹೊರಟುಹೋಗುತ್ತದೆ, ವಿಮಾನಕ್ಕೆ ಎರಡು ತೂತು ಬಿಟ್ಟರೆ ಬೇರೇನೂ ಆಗುವುದಿಲ್ಲ. ಎರಡು, ಬೆಂಕಿ ಹಚ್ಚುವುದು. ಇದರ ಕಣ್ಣು ಪೆಟ್ರೋಲ್ ಟ್ಯಾಂಕಿನ ಮೇಲೆ. ಮೂರು, ಸಿಡಿದು ಚೂರುಗಳನ್ನು ಚಿಮ್ಮಿಸುವುದು. ನಾಲ್ಕನೆಯದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಅವನ ಫ್ರೆಂಡು ತುಂಬಿದ್ದ ಸರದಲ್ಲಿ ಹೆಚ್ಚಾಗಿ ಇದ್ದದ್ದು ಅದೇ, ಮತ್ತು ಜರ್ಮನ್ ಗುಂಡುಗಳ ಕಥೆಯೇ ಅದು.

ಅದರ ಹೆಸರು ಮೀನೆನ್‌ಗೆಶೋಸ್. ಮೈನ್ ಗುಂಡು ಎನ್ನೋಣ. ಪಟ್ಟಿಯಲ್ಲಿ ಬರೀ ಎಂ. ಎಂದಿರುತ್ತದೆ. ಸಾಮಾನ್ಯವಾಗಿ ಇದಕ್ಕೆ ಬಳಿಯುತ್ತಿದ್ದದ್ದು ಹಳದಿ ಬಣ್ಣ. ಕವಚ ಒಡೆಯುವ ಗುಂಡಿಗೆ ಕರಿ ಬಣ್ಣ.

ಹಳೆಯ ರೀತಿಯ ಸಿಡಿಗುಂಡು ಮಾಡುವುದೆಂದರೆ ಉಕ್ಕಿನ ತುಂಡನ್ನು ಲೇತಿಗೆ ಕೊಟ್ಟು ಹೊರಗೆ ಕಡೆದು, ನಡುವೆ ತೂತು ಕೊರೆದು, ಆ ತೂತಿಗೆ ಸಿಡಿಮದ್ದು ತುಂಬುವುದು. ಗೋಡೆ ದಪ್ಪ, ಹೊಟ್ಟೆ ಕಿರಿದು. 20 ಮಿಲಿಮೀಟರಿನ ಜರ್ಮನ್ ಸಿಡಿಗುಂಡು ಸುಮಾರು 115 ಗ್ರಾಂ ತೂಗುತ್ತಿತ್ತು, ಅದರೊಳಗಿನ ಸಿಡಿಮದ್ದು ನಾಲ್ಕು ಗ್ರಾಮಿನೊಳಗೆ. ಮಿಕ್ಕಿದ್ದೆಲ್ಲ ಉಕ್ಕು. ಮೈನ್ ಗುಂಡು ಮಾಡಿದವರು ಲೇತನ್ನು ಬದಿಗಿಟ್ಟು ಪ್ರೆಸ್ಸಿಗೆ ಹೋದರು. ನಮ್ಮಲ್ಲಿ ಸ್ಟೀಲ್ ಲೋಟ ಮಾಡುವುದು ಹೇಗೆ? ತಗಡಿನ ಬಿಲ್ಲೆಯನ್ನು ಅಚ್ಚಿಗಿಟ್ಟು ಒತ್ತಿ ಒತ್ತಿ ಆಳಕ್ಕೆ ಎಳೆಯುತ್ತಾರೆ. ಬೆಸುಗೆಯಿಲ್ಲ, ಗೋಡೆ ತೆಳು, ಆದರೂ ಕೆಳಗೆ ಬಿದ್ದರೆ ತಗ್ಗಾದೀತೇ ಹೊರತು ಒಡೆಯದು. ಅದೇ ರೀತಿ ಗುಂಡಿನ ಹೊದಿಕೆಯನ್ನೂ ಎಳೆದರು. ತೂಕ 92 ಗ್ರಾಮಿಗೆ ಇಳಿಯಿತು, ಸಿಡಿಮದ್ದು ಸುಮಾರು 18 ಗ್ರಾಮಿಗೆ ಏರಿತು. ಗುಂಡು ಹಗುರಾಯಿತು, ಹೊಟ್ಟೆ ಐದು ಪಟ್ಟು ತುಂಬಿತು. ಅದೇ ಕಾಲದ ಸ್ಪಿಟ್‌ಫೈರಿನ 20 ಮಿಲಿಮೀಟರ್ ಗುಂಡು ಇದಕ್ಕಿಂತ ಭಾರವಿದ್ದೂ ಅದರಲ್ಲಿ ಸಿಡಿಮದ್ದು ಇದರ ಹೆಚ್ಚುಕಡಿಮೆ ಅರ್ಧ.

ಗೋಡೆ ಇಷ್ಟು ತೆಳುವಾಗಿ ಚೂರುಗಳು ಹೆಚ್ಚು ಚಿಮ್ಮದಿದ್ದರೆ ವಿಮಾನ ಬೀಳುವುದು ಹೇಗೆ ಎಂದು ಅವನು ಕೇಳಿದ. ನಾನು ಅವನಿಗೆ ನಮ್ಮ ಕಾಲದ ದೀಪಾವಳಿ ಹೇಳಿದೆ. ಆನೆ ಪಟಾಕಿಯನ್ನು ರಸ್ತೆ ನಡುವೆ ಇಟ್ಟು ಹಚ್ಚಿದರೆ ಢಂ ಅನ್ನುತ್ತದೆ, ಅಷ್ಟೆ. ಅದನ್ನೇ ಡಾಲ್ಡಾ ಡಬ್ಬದ ಕೆಳಗೆ ಇಟ್ಟು ಹಚ್ಚಿದರೆ ಡಬ್ಬ ಎದುರುಮನೆಯ ತಾರಸಿಯ ಮೇಲೆ. ನಮ್ಮ ಡಬ್ಬವೊಂದು ಹಾಗೆ ಹೋಗಿ ಒಣಗಿಸಿದ್ದ ಹಪ್ಪಳದ ಮೇಲೆ ಬಿದ್ದದ್ದಕ್ಕೆ ನನಗೆ ಬಿದ್ದ ಏಟು ಈಗಲೂ ನೆನಪಿದೆ. ವಿಮಾನದ ರೆಕ್ಕೆ ಅಂದರೆ ತೆಳು ಅಲ್ಯೂಮಿನಿಯಂ ಹೊದಿಸಿದ ಟೊಳ್ಳು ಡಬ್ಬ. ಅದರ ಒಳಗೆ ಹೊಕ್ಕು ಸಿಡಿದರೆ ಅನಿಲಕ್ಕೆ ಹೊರಡಲು ದಾರಿಯಿಲ್ಲ. ತೊಗಲು ಊದಿಕೊಂಡು, ರಿವೆಟ್ಟುಗಳು ಸಾಲಾಗಿ ಕಿತ್ತು, ಹಾಳೆ ಹಾಳೆಯಾಗಿ ಸೀಳುತ್ತದೆ. ಆಮೇಲಿನ ಕೆಲಸವನ್ನು ಎದುರುಗಾಳಿಯೇ ಮಾಡಿ ಮುಗಿಸುತ್ತದೆ. ಒಂದು ಷರತ್ತು: ಗುಂಡಿನ ಮೂತಿಯ ಫ್ಯೂಸ್ ಕಣ್ಣು ಮಿಟುಕಿಸುವ ಸಾವಿರದ ಒಂದು ಪಾಲಿನಷ್ಟಾದರೂ ತಡೆದು ಸಿಡಿಯಬೇಕು. ತೊಗಲ ಮೇಲೇ ಸಿಡಿದರೆ ಅದು ರಸ್ತೆ ಮೇಲಿನ ಪಟಾಕಿ.

ಈ ಗುಂಡು ಯುದ್ಧಕ್ಕೆ ಇಳಿದದ್ದು 1940ರ ಬೇಸಿಗೆಯಲ್ಲಿ, ಬ್ರಿಟನ್ ಮೇಲಿನ ಕಾಳಗದಲ್ಲಿ. ಮೆಸ್ಸರ್‌ಶ್ಮಿಟ್ 109ರ ಇ-4 ಮಾದರಿಯ ಎರಡು ರೆಕ್ಕೆಗಳಲ್ಲಿ ಎರಡು ಫಿರಂಗಿ, ಒಂದೊಂದಕ್ಕೆ 60 ಗುಂಡು. ಇಲ್ಲೊಂದು ತಮಾಷೆಯಾದ ತೊಡಕು ಬಂತು. ಮೊದಲಿದ್ದ ಎಂ.ಜಿ. ಎಫ್.ಎಫ್. ಎಂಬ ಫಿರಂಗಿ ತನ್ನ ಗುಂಡಿನ ಒದೆತದಿಂದಲೇ ಕೆಲಸ ಮಾಡುವಂಥದ್ದು: ಗುಂಡು ಮುಂದೆ ಹೋಗುವಾಗ ಹಿಂದಕ್ಕೆ ಒದೆಯುತ್ತದೆ, ಆ ಒದೆತಕ್ಕೆ ಒಳಗಿನ ಬೋಲ್ಟು ಸರಿದು ಖಾಲಿ ತೋಟೆ ಬಿಸಾಕಿ ಹೊಸದನ್ನು ಎಳೆದುಕೊಳ್ಳುತ್ತದೆ. ಹಗುರ ಗುಂಡು ಹಾಕಿದರೆ ಒದೆತವೇ ಸಾಲದು. ಒಳ್ಳೆಯ ಗುಂಡು ಸಿಕ್ಕಿತು, ಗನ್ನು ಅದನ್ನು ಒಲ್ಲೆನೆಂದಿತು. ಕೊನೆಗೆ ಒಳಗಿನ ಭಾಗಗಳನ್ನು ಹೊಸ ತೂಕಕ್ಕೆ ಹೊಂದಿಸಿ ಎಂ.ಜಿ. ಎಫ್.ಎಫ್./ಎಂ ಎಂಬ ಬೇರೆ ಮಾದರಿಯನ್ನೇ ಮಾಡಬೇಕಾಯಿತು. ಆಟದ ಪಟ್ಟಿಯಲ್ಲಿ ಕೊನೆಗೆ ಒಂದು ಎಂ. ಇರುವ ಗನ್ನು, ಇಲ್ಲದ ಗನ್ನು ಎರಡೂ ಕಾಣುತ್ತವೆ. ಒಂದಕ್ಷರದ ವ್ಯತ್ಯಾಸ ಎಂದು ಹಗುರವಾಗಿ ತೆಗೆದುಕೊಳ್ಳಬಾರದು.

ತೋಟೆಯ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ಕಾಟನ್‌ಪೇಟೆಗೆ ಹಿಂದೆ ಅರಳೆಪೇಟೆ ಎಂಬ ಹೆಸರಿತ್ತು. ಗುಂಡನ್ನು ನಳಿಗೆಯಿಂದ ತಳ್ಳುವ ಆಧುನಿಕ ಮದ್ದಿನ ಮೂಲವೂ ಅರಳೆಯೇ. 1846ರ ಹೊತ್ತಿಗೆ ಬಾಸೆಲ್ ನಗರದಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ ತೆಗೆದಾಗ ಅದು ಹೊಗೆಯಿಲ್ಲದೆ ಭಗ್ಗೆಂದು ಉರಿಯುವ ವಸ್ತುವಾಗಿತ್ತು. ಹೊಗೆರಹಿತ ಮದ್ದು ಹುಟ್ಟಿದ್ದು ಅದರಿಂದ. ಮೊದಲನೇ ಮಹಾಯುದ್ಧದಲ್ಲಿ, 1915ರಲ್ಲಿ, ಬ್ರಿಟನ್ ಹತ್ತಿಯನ್ನು ನಿಷಿದ್ಧ ಸರಕುಗಳ ಪಟ್ಟಿಗೆ ಸೇರಿಸಿ ಜರ್ಮನಿಗೆ ಹೋಗದಂತೆ ತಡೆದಾಗ ಜರ್ಮನರು ಮರದ ತಿರುಳಿಗೆ ಹೋಗಬೇಕಾಯಿತು. ಕೆಳಗಿನ ಅಂಗಡಿಯಲ್ಲಿ ಪೇರಿಸಿಟ್ಟಿರುವ ಬನಿಯನ್ ಡಬ್ಬಗಳನ್ನು ಇದನ್ನು ತಿಳಿದ ಮೇಲೆ ಹುಡುಗ ಬೇರೆ ಕಣ್ಣಿಂದ ನೋಡುತ್ತಿದ್ದಾನೆ.

ಸರಿ, ಹಳದಿ ಗುಂಡೇ ಇಷ್ಟು ಚೆನ್ನಾಗಿದ್ದರೆ ಸರದ ತುಂಬ ಅದನ್ನೇ ಪೋಣಿಸಬಾರದೇಕೆ? ಬುದ್ಧಿವಂತ ಪ್ರಶ್ನೆ. ಉತ್ತರ ಅವನ ಬೀದಿಯ ಕ್ರಿಕೆಟ್ಟಿನಲ್ಲೇ ಇದೆ. ಟೆನಿಸ್ ಬಾಲನ್ನು ಕಾರ್ಕ್ ಬಾಲಿಗಿಂತ ಜೋರಾಗಿ ಎಸೆಯಬಹುದು, ಆದರೆ ಬೌಂಡರಿ ಮುಟ್ಟುವ ಹೊತ್ತಿಗೆ ಅದರ ಉಸಿರು ಹೋಗಿರುತ್ತದೆ. ಎಂ.ಜಿ. 151/20ರ ನಳಿಗೆಯಿಂದ ಮೈನ್ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಟರೆ ಭಾರದ ಗುಂಡುಗಳು ಸುಮಾರು 700ರಲ್ಲಿ. ಹತ್ತಿರದಲ್ಲಿ ಹಗುರದ್ದು ಮುಂದೆ; ದೂರ ಹೋದಂತೆ ಗಾಳಿ ಅದನ್ನೇ ಹೆಚ್ಚು ತಡೆಯುತ್ತದೆ. ಒಂದೇ ಸರದಿಂದ ಹೊರಟ ಎರಡು ಬಗೆಯ ಗುಂಡುಗಳ ದಾರಿ ಒಂದೇ ಅಲ್ಲ.

ಟ್ರೇಸರ್ ನಂಬಿ ಕೆಟ್ಟವರ ಸಮಸ್ಯೆಯೂ ಇದೇ. ಮೊದಮೊದಲಿನ ಮೈನ್ ಗುಂಡಿಗೆ ಬೆಳಕಿನ ಜಾಡು ಇರಲಿಲ್ಲ, ತೆಳು ಬುಡದಲ್ಲಿ ಅದಕ್ಕೆ ಜಾಗವೆಲ್ಲಿ? ಆಮೇಲೆ ಜಾಡು ಸೇರಿಸಿದ ಮಾದರಿ ಬಂದಾಗ ಅಷ್ಟು ಸಿಡಿಮದ್ದು ಬಿಟ್ಟುಕೊಡಬೇಕಾಯಿತು. ಹಾಗಾಗಿ ಪರದೆಯ ಮೇಲೆ ಬೆಳಗುತ್ತ ಹೋಗುವುದು ಸರದಲ್ಲಿನ ಬೇರೊಂದು ಗುಂಡು. ಕೆಲಸ ಮಾಡುವ ಗುಂಡು ಕಾಣದೆ ಇನ್ನೊಂದು ದಾರಿಯಲ್ಲಿ ಹೋಗುತ್ತಿರುತ್ತದೆ. ಇನ್ನೂರು ಮುನ್ನೂರು ಮೀಟರಿನೊಳಗೆ ಇದರಿಂದ ದೊಡ್ಡ ನಷ್ಟವಿಲ್ಲ. ಆರುನೂರು ಮೀಟರಿನಿಂದ ಹೊಡೆಯುವವನು ಟ್ರೇಸರನ್ನು ನೋಡಿ ಗುರಿ ತಿದ್ದಿಕೊಂಡರೆ ಟ್ರೇಸರ್ ಮಾತ್ರ ಸರಿಯಾಗಿ ತಾಗುತ್ತದೆ. ನಮ್ಮ ಹುಡುಗನಿಗೆ ಆಗಿದ್ದು ಅದೇ ಎಂದು ನನ್ನ ಊಹೆ. ಅವನೂ ಒಪ್ಪಿದ, ಸ್ವಲ್ಪ ತಡವಾಗಿ. ಇನ್ನೊಂದು ವಿಷಯ, ಟ್ರೇಸರ್ ಎದುರಾಳಿಗೂ ಕಾಣುತ್ತದೆ. ಸ್ಟೆಲ್ತ್ ಸರದಲ್ಲಿ ಟ್ರೇಸರೇ ಇರುವುದಿಲ್ಲ, ಹೆಸರು ಹಾಗೆ ಬಂದದ್ದು ಅದರಿಂದ.

ಲಿಬರೇಟರ್, ಫ್ಲೈಯಿಂಗ್ ಫೋರ್ಟ್ರೆಸ್‌ನಂಥ ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರುಗಳು ಗುಂಪುಗುಂಪಾಗಿ ಬರತೊಡಗಿದಾಗ ಜರ್ಮನರು ಒಂದು ಲೆಕ್ಕ ಹಾಕಿದರು. ಅಂಥ ಒಂದನ್ನು ಹಿಂದಿನಿಂದ ಹೊಡೆದು ಕೆಡವಲು 20 ಮಿಲಿಮೀಟರಿನ ಸುಮಾರು 20 ಗುಂಡು ತಾಗಬೇಕು. ಸಾಮಾನ್ಯ ಪೈಲಟ್ ಹಾರಿಸಿದ ನೂರರಲ್ಲಿ ಎರಡು ತಾಗಿದರೆ ಹೆಚ್ಚು. ಅಲ್ಲಿಗೆ ಒಂದು ಬಾಂಬರಿಗೆ ಸಾವಿರ ಗುಂಡು. ಫೋಕೆ-ವುಲ್ಫ್ 190ರ ಎ-8 ಮಾದರಿ ತನ್ನ ನಾಲ್ಕು ಫಿರಂಗಿಗೂ ಸೇರಿ ಹೊರುತ್ತಿದ್ದದ್ದು ಎಂಟುನೂರಕ್ಕಿಂತ ಕಡಿಮೆ. ಕೂಡಿಸಿ ಕಳೆದರೆ ಸಾಲ. ಈ ಸಾಲ ತೀರಿಸಲು ಬಂದದ್ದು ಎಂ.ಕೆ. 108, 30 ಮಿಲಿಮೀಟರಿನ ಮೋಟು ಫಿರಂಗಿ. ಅದರ ಮೈನ್ ಗುಂಡು ಸುಮಾರು 330 ಗ್ರಾಂ, ಒಳಗೆ 70 ಗ್ರಾಮಿಗೂ ಮಿಕ್ಕಿ ಸಿಡಿಮದ್ದು. ಬಾಂಬರಿಗೆ ಮೂರೋ ನಾಲ್ಕೋ ತಾಗಿದರೆ ಸಾಕು, ಫೈಟರಿಗೆ ಒಂದೇ. ಆದರೆ ಗುಂಡು ಹೊರಡುವ ವೇಗ ಸೆಕೆಂಡಿಗೆ ಐನೂರು ಚಿಲ್ಲರೆ ಮೀಟರ್ ಮಾತ್ರ. 500 ಮೀಟರ್ ದೂರ ಮುಟ್ಟಲು ಒಂದು ಸೆಕೆಂಡಿಗೂ ಹೆಚ್ಚು ಹೊತ್ತು; ಆ ಹೊತ್ತಿಗೆ ಭೂಮಿ ಅದನ್ನು ಐದು ಮೀಟರಿಗೂ ಹೆಚ್ಚು ಕೆಳಕ್ಕೆ ಎಳೆದಿರುತ್ತದೆ, ಒಂದೂವರೆ ಮಹಡಿಯಷ್ಟು. ಮೆಸ್ಸರ್‌ಶ್ಮಿಟ್ 109ರ ಕೆ-4 ಮಾದರಿಯಲ್ಲಿ ಇದಕ್ಕಿದ್ದದ್ದು 65 ಗುಂಡು. ಟ್ರಿಗರ್ ಒತ್ತಿ ಹಿಡಿದರೆ ಆರು ಸೆಕೆಂಡು, ಆಮೇಲೆ ಮನೆಗೆ. ಹತ್ತಿರ ಹೋಗಲು ಎದೆಗಾರಿಕೆ ಇಲ್ಲದವನಿಗೆ ಎಂ.ಕೆ. 108 ಕೊಟ್ಟು ಪ್ರಯೋಜನವಿಲ್ಲ.

ಕರಿ ಗುಂಡಿನ ಸರದಿ ಬರುವುದು ರಷ್ಯಾದ ಕಡೆ. ಇಲ್ಯೂಷಿನ್ 2 ಎಂಬ ನೆಲದಾಳಿ ವಿಮಾನದಲ್ಲಿ ಎಂಜಿನ್ನು, ಪೈಲಟ್ ಎಲ್ಲ ಒಂದು ಉಕ್ಕಿನ ತೊಟ್ಟಿಯೊಳಗೆ. ಆ ಉಕ್ಕಿನ ಮೇಲೆ ತೆಳು ಗೋಡೆಯ ಹಳದಿ ಗುಂಡು ಹೊರಗೇ ಸಿಡಿದು ಮಸಿ ಹಚ್ಚಿ ಸುಮ್ಮನಾಗುತ್ತದೆ. ಡಾಲ್ಡಾ ಡಬ್ಬದ ಉಪಾಯ ಒರಳುಕಲ್ಲಿಗೆ ನಡೆಯುವುದಿಲ್ಲ.

ಇಷ್ಟು ಹೇಳಿ ನಾನು ಎದ್ದೆ. ಆದರೆ ಅವನ ಮುಂದಿನ ಮಾತು ನನ್ನನ್ನು ಮತ್ತೆ ಕೂರಿಸಿತು. "ಇದೆಲ್ಲ ಅಲ್ಲಿಂದಲ್ಲಿಗೆ ಮುಗಿದ ಕಥೆ ಅಲ್ವಾ ಮಾಮ? ನಮಗೂ ಇದಕ್ಕೂ ಏನು?"

ನಮಗೆ ಇರುವಷ್ಟು ಸಂಬಂಧ ಹೆಚ್ಚು ಊರುಗಳಿಗಿಲ್ಲ. ಅವನು ರಾತ್ರಿಯಿಡೀ ಅಟ್ಟಿಸಿಕೊಂಡು ಹೋದನಲ್ಲ ಲಿಬರೇಟರ್, ಅಂಥವನ್ನು ಬೆಂಗಳೂರು ಕೈಯಾರೆ ರಿಪೇರಿ ಮಾಡಿದೆ. ಮೈನ್ ಗುಂಡು ಇಂಗ್ಲೆಂಡಿನ ಮೇಲೆ ಹಾರಿದ ಅದೇ 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಶುರುಮಾಡಿದರು. ಯುದ್ಧದ ನಡುವೆ ಅದು ಅಮೆರಿಕನ್ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಜಖಂ ಲಿಬರೇಟರುಗಳನ್ನು ಎಚ್‌ಎಎಲ್‌ನ ಪೈಲಟ್ ಜಿಮ್ಮಿ ಮುನ್ಶಿ ಒಂದೊಂದಾಗಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಗುಜರಿಗೆ ಬೀಳಬೇಕಾದ ವಿಮಾನಗಳಲ್ಲಿ ನಲವತ್ತರ ಸುಮಾರು ಇಲ್ಲಿ ರಿಪೇರಿಯಾಗಿ ಮತ್ತೆ ಹಾರಿದವು. ನಮ್ಮ ವಾಯುಪಡೆಯಲ್ಲಿ 1968ರವರೆಗೂ ಇದ್ದವು.

ಅವುಗಳನ್ನು ಬೀಳಿಸಲು ಹೊರಟಿದ್ದ ಫೋಕೆ-ವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿ ಪೆರೋನ್ ಸರ್ಕಾರ ಬಿದ್ದ ಮೇಲೆ 1956ರಲ್ಲಿ ತನ್ನ ಎಂಜಿನಿಯರುಗಳ ತಂಡ ಕಟ್ಟಿಕೊಂಡು ಅವರು ಬಂದಿಳಿದದ್ದು ಬೆಂಗಳೂರಿಗೆ. ಆ ಹೊತ್ತಿಗೂ ಲಿಬರೇಟರುಗಳು ನಮ್ಮಲ್ಲಿ ಹಾರುತ್ತಿದ್ದವು. ಯಾವತ್ತಾದರೂ ರನ್‌ವೇ ಪಕ್ಕ ನಿಂತು ಕುರ್ಟ್ ಟ್ಯಾಂಕ್ ಅವುಗಳಲ್ಲಿ ಒಂದನ್ನಾದರೂ ನೋಡಿದ್ದರೆ ಏನನ್ನಿಸಿರಬಹುದು ಎಂದು ನನಗೆ ಆಗಾಗ ಕುತೂಹಲ. ಅವರು ಇಲ್ಲಿ ಮಾಡಿದ್ದು ಎಚ್‌ಎಫ್-24 ಮಾರುತ್ ಎಂಬ ಯುದ್ಧವಿಮಾನ. ಮೊದಲು ಪೂರ್ಣ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. ಹೇಳಿದಷ್ಟು ಬಲದ ಎಂಜಿನ್ ಕೊನೆಗೂ ಸಿಗದೆ ಅದು ಶಬ್ದದ ವೇಗದ ಈಚೆಯೇ ಉಳಿದ ಕಥೆ ಎಲ್ಲರಿಗೂ ಗೊತ್ತು. ಇಲ್ಲಿ ಬೇಕಿರುವುದು ಅದರ ಮೂತಿಯಲ್ಲಿದ್ದ ನಾಲ್ಕು ಫಿರಂಗಿಗಳು.

ಅವುಗಳ ಹೆಸರು ಏಡೆನ್, 30 ಮಿಲಿಮೀಟರ್, ಬ್ರಿಟಿಷ್ ಮಾಲು. ಬ್ರಿಟಿಷ್ ಅನ್ನುವುದು ಚೀಟಿಗೆ ಮಾತ್ರ. ಎಂ.ಜಿ. 151 ಮಾಡಿದ ಮೌಸರ್ ಕಂಪನಿಯೇ ಯುದ್ಧದ ಕೊನೆಯಲ್ಲಿ ಎಂ.ಜಿ. 213 ಎಂಬ ಹೊಸ ಫಿರಂಗಿಯ ಮೇಲೆ ಕೆಲಸ ಮಾಡುತ್ತಿತ್ತು. ರಿವಾಲ್ವರಿನ ಹಾಗೆ ಐದು ಕೋಣೆಗಳ ಉರುಳೆ. ಒಂದು ಕೋಣೆ ಗುಂಡು ಹಾರಿಸುತ್ತಿದ್ದರೆ ಇನ್ನೊಂದು ಖಾಲಿಯಾಗುತ್ತ, ಮತ್ತೊಂದು ತುಂಬುತ್ತ ತಿರುಗುತ್ತಿರುತ್ತದೆ, ಹಾಗಾಗಿ ನಿಮಿಷಕ್ಕೆ ಸಾವಿರ ದಾಟಿ ಗುಂಡು. ಅದು ಯುದ್ಧಕ್ಕೆ ಇಳಿಯುವ ಮೊದಲೇ ಯುದ್ಧ ಮುಗಿಯಿತು. ಗೆದ್ದವರು ನಕ್ಷೆಗಳನ್ನು ಹಂಚಿಕೊಂಡರು. ಫ್ರೆಂಚರು ಅದರಿಂದ ಡೆಫಾ ಮಾಡಿದರು, ಅಮೆರಿಕನ್ನರು ಎಂ39, ಬ್ರಿಟಿಷರು ಎನ್‌ಫೀಲ್ಡಿನಲ್ಲಿ ಏಡೆನ್. ಗನ್ನಿನ ಜೊತೆಗೆ ತೆಳು ಗೋಡೆ, ತುಂಬು ಹೊಟ್ಟೆಯ ಗುಂಡಿನ ಉಪಾಯವನ್ನೂ ಎತ್ತಿಕೊಂಡರು. ಹೀಗೆ ಜರ್ಮನ್ ಫಿರಂಗಿ ಇಂಗ್ಲೆಂಡಿಗೆ ಹೋಗಿ, ಜರ್ಮನ್ ವಿನ್ಯಾಸಕಾರ ಅರ್ಜೆಂಟೀನಾ ಸುತ್ತಿ ಬಂದು, ಇಬ್ಬರೂ ಬೆಂಗಳೂರಿನ ಒಂದು ವಿಮಾನದಲ್ಲಿ ಭೇಟಿಯಾದರು.

ಮಾರುತ್ ಒಂದೇ ಅಲ್ಲ. ಇಲ್ಲೇ ತಯಾರಾದ ಪುಟ್ಟ ನ್ಯಾಟ್ ವಿಮಾನದಲ್ಲಿ ಎರಡು ಏಡೆನ್. 1971ರ ನವೆಂಬರ್ 22ರಂದು ಬೊಯ್ರಾದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಕೆಡವಿದ್ದು ಅವೇ. ಅದೇ ಡಿಸೆಂಬರಿನಲ್ಲಿ ಲೋಂಗೆವಾಲಾದ ಮರಳಿನಲ್ಲಿ ಟ್ಯಾಂಕುಗಳನ್ನು ಹುಡುಕಿ ಹೊಡೆದ ಹಂಟರ್ ವಿಮಾನಗಳ ಮೂತಿಯಲ್ಲೂ ನಾಲ್ಕು ಏಡೆನ್. ಈಗಿನ ಅಪಾಚೆ ಹೆಲಿಕಾಪ್ಟರಿನ ಫಿರಂಗಿ ನುಂಗುವುದೂ ಇದೇ ಅಳತೆಯ ತೋಟೆಯನ್ನು.

ಮುಂದಿನ ಭಾನುವಾರ ಅವನನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಅಂಗಳದಲ್ಲಿ ಮಾರುತ್ ನಿಂತಿದೆ. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವನೇ ಅವನು, ಆದರೆ ನೋಡಿರಲಿಲ್ಲ. ಈಗ ಮೂತಿಯ ಈ ಬದಿಗೆ ಎರಡು, ಸುತ್ತು ಹಾಕಿ ಹೋಗಿ ಆ ಬದಿಗೆ ಎರಡು ಎಂದು ಎಣಿಸಿದ. ಒಂದೊಂದಕ್ಕೆ 120 ಗುಂಡು ಎಂದು ಹೇಳಿದೆ. ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಗುಣಿಸಿ, "ಆರು ಸೆಕೆಂಡು ಅಷ್ಟೇನಾ?" ಅಂದ. ಅಷ್ಟೇ. ಆಮೇಲೆ ನಾನು ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದ: "ಈ ಸರ ಎಲ್ಲ ಕಟ್ತಿದ್ದೋರು ಯಾರು ಮಾಮ?"

ಆಟದಲ್ಲಿ ಅವರು ಇಲ್ಲ. ಒಂದು ಕ್ಲಿಕ್ಕಿಗೆ ಸರ ತುಂಬಿಕೊಳ್ಳುತ್ತದೆ. ನಿಜದಲ್ಲಿ ಆರ್ಮರರ್ ಎಂಬ ಕೆಲಸದವರು ಕೂತು ಒಂದೊಂದೇ ಗುಂಡನ್ನು ಒರೆಸಿ, ಅಳತೆ ನೋಡಿ, ಕೊಂಡಿಗೆ ಸಿಕ್ಕಿಸಬೇಕಿತ್ತು. ಒಂದು ಗುಂಡು ಕೂದಲೆಳೆಯಷ್ಟು ವಾರೆಯಾಗಿ ಕೂತರೂ ಮೇಲೆ ಗನ್ನು ಕಚ್ಚಿಕೊಂಡು ನಿಲ್ಲುತ್ತದೆ. ಜರ್ಮನ್ ಪೈಲಟ್ಟುಗಳು ನೆಲದ ಮೇಲಿನ ಈ ಕೆಲಸಗಾರರನ್ನು ಅವರ ಕರಿ ಮೇಲಂಗಿಯಿಂದಾಗಿ ಕರಿಯಾಳುಗಳು ಎಂದೇ ಕರೆಯುತ್ತಿದ್ದರು. ಯಾವ ಪೈಲಟ್ ಎಷ್ಟು ಕೆಡವಿದ ಎಂಬ ಪಟ್ಟಿಗಳು ಪುಸ್ತಕಗಟ್ಟಲೆ ಇವೆ. ಸರ ಕಟ್ಟಿದವರ ಹೆಸರಿನ ಪಟ್ಟಿಯನ್ನು ನಾನು ಎಲ್ಲೂ ಕಂಡಿಲ್ಲ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಮಗನ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿಕೊಂಡಿದ್ದಾನಂತೆ, ಅವನದೇ ಕೋಳಿಕಾಲು ಅಕ್ಷರದಲ್ಲಿ: ಹಳದಿ ಮೂರು, ಬೆಂಕಿ ಒಂದು, ಕರಿ ಒಂದು, ಮತ್ತೆ ಹಳದಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಮಾರುಕಟ್ಟೆಯಿಂದ ತರಬೇಕಾದ ಹೂವಿನ ಲೆಕ್ಕ ಬರೆದುಕೊಂಡಿದ್ದಾನೆ ಎಂದು ಇವಳು ಖುಷಿಪಟ್ಟಿದ್ದಾಳೆ. "ಅದೆಲ್ಲ ಸರಿ ಕಣೋ, ಕರಿ ಅಂದ್ರೆ ಯಾವ ಹೂವು?" ಎಂದು ನನ್ನನ್ನು ಕೇಳಿದಳು.